ಕಲ್ಲಿನ ನಾಡಿನಿಂದ ಕಡಲಿಗೆ

ಪಡುಬಿದ್ರಿಯ ಕಡಲ ದಂಡೆಯಲ್ಲಿ ಬೆಳೆದ ನನಗೆ ಕಣ್ಣು ಹಾಯಿಸಿದಲ್ಲಿ ನೀರು ಕಾಣಬೇಕು. ಬಳ್ಳಾರಿಯ ಕೋಟೆಗುಡ್ಡದ ಮೇಲೆ ನಿಂತಿದ್ದೇನೆ. ಸುತ್ತ ಬಂಡೆ, ಅದರಾಚೆ ಮತ್ತೆ ಬಂಡೆ! ಬೆಳಗ್ಗೆ ಎಂಟಕ್ಕೇ ಕೈಯೂರಿದ ಕಲ್ಲು ಕಾದಿದೆ. ಆದರೂ ನಾನಿಲ್ಲಿಗೆ ಬಂದದ್ದು ಕಡಲಿನ ಕಾರಣಕ್ಕೇ. ನಮ್ಮೂರ ದಂಡೆಗೆ 2020ರಲ್ಲಿ ಶುಚಿಯಾದ ದಂಡೆಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ ನಿಜ, ಆದರೆ ಮಳೆಗಾಲದಲ್ಲಿ ಕರಾವಳಿಯುದ್ದಕ್ಕೂ ಅಲೆಗಳು ತಂದು ಸುರಿಯುವ ಪ್ಲಾಸ್ಟಿಕ್ ಹೆಕ್ಕಿ ಹೆಕ್ಕಿ ಸೊಂಟ ಸೋತಿದೆ. ಅಂಥ ಕಸ ಕಡಲಿಗೆ ಹೊರಡುವ ಒಳನಾಡು ಹೇಗಿರುತ್ತದೆ ಎಂದು ನೋಡಬೇಕಿತ್ತು.

ಗುಡ್ಡ ಇಳಿದರೆ ಒಗ್ಗರಣೆ, ಮಿರ್ಚಿ. ನಮ್ಮ ಕಡೆ ಒಗ್ಗರಣೆ ಎಂದರೆ ಸಾಸಿವೆ ಚಟಪಟ ಅನ್ನುವುದಷ್ಟೇ; ಇಲ್ಲಿ ಅದು ತಟ್ಟೆ ತುಂಬ ಮಂಡಕ್ಕಿ! ಮಿರ್ಚಿಯ ಖಾರ ನೆತ್ತಿಗೇರಿ ನೀರಿನ ಬಾಟಲಿ ಕೇಳಿದರೆ, ಅಂಗಡಿಯಾಕೆ ಸ್ಟೀಲ್ ಚೊಂಬನ್ನೇ ಮುಂದಿಡುತ್ತಾರೆ. ‘ಇದ್ರಾಗ ಕುಡೀರಿ ಅಣ್ಣಾ, ತಣ್ಣಗೈತಿ.’ ಆ ಚೊಂಬನ್ನು ಕಂಡು ನನಗಾದ ಖುಷಿ ಆಕೆಗೆ ಅರ್ಥವಾಗಿರಲಾರದು. ಪಕ್ಕದಲ್ಲೇ ಹುಡುಗನೊಬ್ಬ ಬಿಸಿ ಚಹಾವನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಓಡುತ್ತಾನೆ. ಕರ್ನಾಟಕ 2016ರಲ್ಲೇ ಇಂಥ ಚೀಲ ನಿಷೇಧಿಸಿದೆ.

ಕುರುಗೋಡಿನ ಬಸ್ಸಿನಲ್ಲಿ ನನ್ನ ಕಾಲ ಮೇಲೆ ಯಾರದೋ ಅಕ್ಕಿ ಮೂಟೆ, ಮೂಟೆಯ ಮೇಲೆ ಯಾರದೋ ಮಗು. ಇಳಿದು ದೊಡ್ಡ ಬಸವೇಶ್ವರನ ಮುಂದೆ ನಿಂತಾಗ ಕಾಲಿನ ಜೋಮು ಮರೆತೇಹೋಯಿತು. ಒಂದೇ ಕಲ್ಲಿನ ಅಂಥ ಬಸವಣ್ಣನನ್ನು ತಲೆಯೆತ್ತಿಯೇ ನೋಡಬೇಕು.

ಸಿರುಗುಪ್ಪದ ದಾರಿಯಲ್ಲಿ ಬೆರಗು! ಕಲ್ಲಿನ ನಾಡು ಮುಗಿದು ನಮ್ಮೂರ ಬೈಲುಗಳನ್ನೂ ನಾಚಿಸುವ ಭತ್ತದ ಹಸಿರು. ತುಂಗಭದ್ರಾ ಕಾಲುವೆಯ ಕೃಪೆ. ತೂಬಿನ ಬಳಿ ಬಗ್ಗಿ ನೋಡುತ್ತೇನೆ. ಕಂಬಿಗೆ ಅಂಟಿದ ಕಸದಲ್ಲಿ ಶಾಂಪೂ ಚೀಟು, ಗುಟ್ಕಾ ಚೀಟು. ಒಂದನ್ನು ಉಜ್ಜಿದರೆ ಒಳಗೆ ಬೆಳ್ಳಿ ಹೊಳಪು. ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಹಾಳೆ ಬೆಸೆದಿರುವುದರಿಂದ ಬಿಡಿಸುವುದು ಕಷ್ಟ, ಗುಜರಿಯಲ್ಲಿ ಬೆಲೆಯಿಲ್ಲ. ಹಾಗಾಗಿ ಚಿಂದಿ ಆಯುವವರೂ ಮುಟ್ಟುವುದಿಲ್ಲ. 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಸ್ಟ್ರಾ, ಲೋಟ, ತಟ್ಟೆಗಳಿಗೆ ನಿಷೇಧ ಬಂತು. ಆ ಪಟ್ಟಿಯಲ್ಲಿ ಶಾಂಪೂ ಚೀಟು ಇಲ್ಲ. ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕೊನೆಗೆ ತುಂಗಭದ್ರೆಯ ದಂಡೆ. ಬಳ್ಳಾರಿ ಸೀಮೆಯ ಹಗರಿಯೂ ಈ ತಾಲ್ಲೂಕಿನಲ್ಲೇ ಇವಳನ್ನು ಸೇರುತ್ತದೆ. ನಮ್ಮ ನದಿಗಳು ಘಟ್ಟ ಇಳಿದರೆ ಸಾಕು, ಕಡಲು. ಇವಳ ನೀರು ಮಂತ್ರಾಲಯ ದಾಟಿ, ಕೃಷ್ಣೆಯಲ್ಲಿ ಬೆರೆತು, ಶ್ರೀಶೈಲ, ನಾಗಾರ್ಜುನಸಾಗರ ಹಾದು ಬಂಗಾಳ ಕೊಲ್ಲಿ ಮುಟ್ಟಬೇಕು. ಅಣೆಕಟ್ಟುಗಳು ಕಸವನ್ನು ತಡೆದಾವು. ನೆರೆ ಬಂದು ಗೇಟು ತೆರೆದರೆ ಅದೂ ಹೊರಟೀತು. ಬಿಸಿಲಿಗೆ ಪುಡಿಯಾದರೂ ಪ್ಲಾಸ್ಟಿಕ್ ಇಲ್ಲವಾಗುವುದಿಲ್ಲ, ಮೀನಿನ ಹೊಟ್ಟೆಗೆ ಹೋಗುವಷ್ಟು ಸಣ್ಣದಾಗುತ್ತದೆ.

ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಸೀರೆಗೆ ಸಿಕ್ಕಿದ ಚೀಟನ್ನು ಬಿಡಿಸಿ, ನೀರಿಗೆಸೆಯದೆ ಕಲ್ಲಿನ ಸಂದಿಗೆ ತುರುಕುತ್ತಾರೆ. ಅಲ್ಲಿ ಆಗಲೇ ಹತ್ತಾರಿವೆ. ‘ಮತ್ತ ಅರಿವಿಗೇ ಬಂದು ಹತ್ತತಾವು ತಮ್ಮಾ.’ ಎಲ್ಲವನ್ನೂ ನನ್ನ ಬಟ್ಟೆಚೀಲಕ್ಕೆ ಹಾಕಿಕೊಳ್ಳುತ್ತೇನೆ. ಕಡಲೂರಿನವನೆಂದು ತಿಳಿದು ಅವರು ಒಗೆಯುವುದನ್ನೇ ನಿಲ್ಲಿಸಿದರು.

‘ಅಷ್ಟೂ ನೀರು ಉಪ್ಪೇನು, ಖರೇನಾ?’