ನಮ್ಮೋರು ಅಳೋದು ಬಿಟ್ಟು ಬೇರೇನೂ ಮಾಡಲ್ವ?



"ಈಚೆಗೆ ಏನು ಓದಿದ್ರಿ ಅಕ್ಕ, ಬರೀರಿ" ಅಂತ ಸುಮಾರು ಜನ ಕೇಳ್ತಿದ್ದೀರಿ. ಆಫೀಸು, ಮನೆ, ಧರಣಿ, ಮೀಟಿಂಗು ಎಲ್ಲದರ ನಡುವೆ ನನಗೆ ಓದಕ್ಕೆ ಸಿಗೋದು ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಇಳಿಯೋವರೆಗಿನ ಹೊತ್ತು, ಮಧ್ಯಾಹ್ನ ಊಟದ ಅರ್ಧ ಗಂಟೆ. ಅಷ್ಟರಲ್ಲೇ ಐದು ಪುಸ್ತಕ ಮುಗಿದಿವೆ. ಮೂರು ಇಂಗ್ಲಿಷು, ಎರಡು ಕನ್ನಡ. ನಾನು ವಿಮರ್ಶಕಿ ಅಲ್ಲ, ಬಿಎ ಓದಿ ಫೈಲು ನೋಡೋ ಗುಮಾಸ್ತೆ. ಅನಿಸಿದ್ದನ್ನ ಹೇಳ್ತೀನಿ, ಒಪ್ಪದಿದ್ದರೆ ಜಗಳ ಆಡಿ.

ಮೊದಲು ನನ್ನ ಅಳತೆಗೋಲು ಯಾವುದು ಅಂತ ಹೇಳಿಬಿಡ್ತೀನಿ. ಜೆ.ಪಿ. ನಗರದ ಕಡೆ ಒಂದು ಸ್ಲಮ್ಮಿನಲ್ಲಿ ಭಾನುವಾರ ಮಕ್ಕಳ ಜೊತೆ ಕೂತು ಓದ್ತೀವಿ. ಅಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಅಕ್ಕ, ಪುಸ್ತಕದಲ್ಲಿ ನಮ್ಮೋರು ಬರೀ ಒದೆ ತಿಂತಾರೆ, ಅಳ್ತಾರೆ. ಬೇರೇನೂ ಮಾಡಲ್ವ?" ಅವಳ ಅಮ್ಮ ಬಿಟಿಎಂ ಲೇಔಟಿನಲ್ಲಿ ನಾಲ್ಕು ಮನೆ ಕೆಲಸ ಮಾಡ್ತಾರೆ, ಚೀಟಿ ನಡೆಸ್ತಾರೆ, ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರೆ ನೀರಿನ ಟ್ಯಾಂಕರಿನವನು ಗಾಡಿ ನಿಲ್ಲಿಸಲೇಬೇಕು. ಆ ಹುಡುಗಿ ಪುಸ್ತಕದಲ್ಲಿ ಹುಡುಕ್ತಿರೋದು ಅಂಥ ಅಮ್ಮನನ್ನ. ಸಿಗದಿದ್ದರೆ ಪುಸ್ತಕ ಮುಚ್ಚಿ ಮೊಬೈಲು ತೆಗೀತಾಳೆ. ನಮ್ಮ ಕಣ್ಣೀರಿಗೆ ಮಾರುಕಟ್ಟೆ ಇದೆ. ಎಸಿ ಹಾಲಿನಲ್ಲಿ ಕೂತು ಅಯ್ಯೋ ಅನ್ನೋ ಓದುಗರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಮಕ್ಕಳು ಓದದೇ ಹೋದರೆ ಬರೆದಿದ್ದು ಯಾರಿಗೆ? ಆದ್ದರಿಂದ ಈ ಐದೂ ಪುಸ್ತಕಕ್ಕೆ ಅವಳ ಪ್ರಶ್ನೆಯನ್ನೇ ಹಾಕಿ ನೋಡಿದೆ.

ಸುಜಾತಾ ಗಿಡ್ಲ ಅವರ 'ಆಂಟ್ಸ್ ಅಮಾಂಗ್ ಎಲಿಫೆಂಟ್ಸ್' 2017ರಲ್ಲಿ ಬಂದಿದ್ದು. ಆಂಧ್ರದ ದಲಿತ ಕ್ರೈಸ್ತ ಕುಟುಂಬದ ಕತೆ. ಬರೆದಾಕೆ ನ್ಯೂಯಾರ್ಕ್ ಸಬ್‌ವೇಯಲ್ಲಿ ಕಂಡಕ್ಟರ್! ಅವರ ಸೋದರಮಾವ ಕೆ.ಜಿ. ಸತ್ಯಮೂರ್ತಿ 'ಶಿವಸಾಗರ್' ಹೆಸರಿನ ಕವಿ, ಪೀಪಲ್ಸ್ ವಾರ್ ಕಟ್ಟಿದವರಲ್ಲಿ ಒಬ್ಬರು. ಪಾರ್ಟಿಯೊಳಗೂ ಕಸ ಗುಡಿಸೋದು, ಕಕ್ಕಸು ತೊಳೆಯೋದು ನಮ್ಮ ಹುಡುಗರ ಪಾಲಿಗೇ ಬರ್ತಿತ್ತು. ಅದನ್ನ ಪ್ರಶ್ನೆ ಮಾಡಿದ್ದಕ್ಕೆ ಅವರನ್ನ ಹೊರಗೆ ಹಾಕಿದರು. ಎಲ್ಲರೂ ಮಾತಾಡೋದು ಇಷ್ಟೇ ಭಾಗದ ಬಗ್ಗೆ. ನನಗೆ ದೊಡ್ಡದಾಗಿ ಕಂಡಿದ್ದು ತಂಗಿ ಮಂಜುಳಾ. ಬನಾರಸ್‌ಗೆ ಹೋಗಿ ಎಂಎ ಓದಿ, ಪಾಠ ಮಾಡಿ, ಗಂಡನ ಏಟು ತಿಂದು, ಮೂರು ಮಕ್ಕಳನ್ನ ಸಾಕಿದಾಕೆ. ಅಣ್ಣ ಕ್ರಾಂತಿಗೆ ಹೋದಾಗ ಮನೆ ಹೊತ್ತವರು ಹೆಂಗಸರು. ಗಿಡ್ಲ ಮಾವನನ್ನ ದೇವರು ಮಾಡಿಲ್ಲ, ಅಮ್ಮನನ್ನ ಅಳುಬುರುಕಿ ಮಾಡಿಲ್ಲ. ಸಂಘಟನೆಯಲ್ಲಿರೋ ಅಣ್ಣಂದಿರು ಇದನ್ನ ಓದಲೇಬೇಕು. ಓದಿದ ಮೇಲೆ ಮೀಟಿಂಗಿನ ದಿನ ಟೀ ಲೋಟ ಯಾರು ತೊಳೀತಾರೆ ಅಂತ ಒಂದ್ಸಲ ನೋಡಿಕೊಳ್ಳಿ.

ಎರಡನೇದು ಶಾಹು ಪಾಟೋಳೆ ಅವರ ಅಡುಗೆ ಪುಸ್ತಕ. ಮರಾಠಿಯಲ್ಲಿ 2015ರಲ್ಲೇ ಬಂದಿತ್ತು, 2024ರಲ್ಲಿ 'ದಲಿತ್ ಕಿಚನ್ಸ್ ಆಫ್ ಮರಾಠವಾಡ' ಅಂತ ಇಂಗ್ಲಿಷಿಗೆ ಬಂತು. ಅನ್ನ ಪೂರ್ಣಬ್ರಹ್ಮ ಅನ್ನೋ ಮಾತಿದೆಯಲ್ಲ, ಮರಾಠಿ ಪುಸ್ತಕದ ಹೆಸರಲ್ಲೇ ಅದನ್ನ 'ಅಪೂರ್ಣ' ಮಾಡಿಬಿಟ್ಟಿದ್ದಾರೆ. ಮಹಾರ್, ಮಾಂಗ್ ಜನರ ಅಡುಗೆ. ಎಣ್ಣೆ, ತುಪ್ಪ, ಹಾಲು ಕಾಣದ ಒಲೆ. ರಕ್ತ ಹೇಗೆ ಬೇಯಿಸ್ತಾರೆ, ಮಾಂಸ ಹೇಗೆ ಒಣಗಿಸಿ ಇಡ್ತಾರೆ ಅಂತ ಓದ್ತಿದ್ದರೆ ನನ್ನ ಅಜ್ಜಿ ಹಗ್ಗಕ್ಕೆ ನೇತುಹಾಕ್ತಿದ್ದ ಉಪ್ಪುಕಂಡದ ವಾಸನೆ ಮೂಗಿಗೆ ಬಂತು. ಜಯನಗರದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಪುಸ್ತಕದ ಬೆಲೆ ಗೊತ್ತಾಗುತ್ತೆ. ಅಡ್ವಾನ್ಸು ಎಷ್ಟು ಅನ್ನೋಕೆ ಮುಂಚೆ "ನೀವು ವೆಜ್ಜಾ?" ಅಂತಾರೆ. ಆಮೇಲೆ ಊರು ಯಾವುದು, ಅಪ್ಪನ ಹೆಸರೇನು. ಬಾಡು ಅನ್ನೋ ಪದವನ್ನ ಪಿಸುಗುಟ್ಟಿ ಆಡಬೇಕಾದ ಊರಿನಲ್ಲಿ ಒಬ್ಬ ಮನುಷ್ಯ ಪಾತ್ರೆ ಸಮೇತ ಬೀದಿಗಿಟ್ಟು ಬಡಿಸಿದ್ದಾನೆ. ನಮ್ಮ ಕಡೆ ಬೋಟಿ, ತಲೆಕಾಲಿನ ಬಗ್ಗೆ ಹೀಗೆ ಯಾರು ಬರೀತೀರಿ?

ಮೂರನೇದರಲ್ಲಿ ನನ್ನ ತಕರಾರಿದೆ. ಪೆರುಮಾಳ್ ಮುರುಗನ್ ಅವರ ಕಾದಂಬರಿ 'ಪೂಕ್ಕುಳಿ', ಇಂಗ್ಲಿಷಿನಲ್ಲಿ 'ಪಯರ್'. 2023ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಲಾಂಗ್‌ಲಿಸ್ಟಿನಲ್ಲಿತ್ತು. ಜಾತಿ ಮೀರಿ ಮದುವೆಯಾದ ಸರೋಜಾ, ಕುಮರೇಶನ್ ಕತೆ. ಧರ್ಮಪುರಿಯ ಇಳವರಸನ್‌ಗೆ ಅರ್ಪಿಸಿದ್ದಾರೆ, ಅದಕ್ಕೆ ನಮಸ್ಕಾರ. ಬರವಣಿಗೆ ಕೈ ಹಿಡಿದು ಕೂರಿಸುತ್ತೆ. ಆದರೆ ಜಾತಿಯ ಹೆಸರು ಎಲ್ಲೂ ಇಲ್ಲ. ಊರಿನವರೆಲ್ಲ ಅದನ್ನೇ ಕೇಳ್ತಾರೆ, ಕಾದಂಬರಿ ಹೇಳಲ್ಲ. ಯಾವ ಜಾತಿ ಆದರೂ ಆಗಬಹುದು ಅನ್ನೋದಕ್ಕೆ ಹಾಗೆ ಬರೆದಿದ್ದಾರೆ ಅಂತ ಗೆಳೆಯರು ವಾದ ಮಾಡಿದರು. ನಾನು ಒಪ್ಪಲಿಲ್ಲ. ಕೊಲ್ಲೋರು ಹೆಸರು ಕೇಳಿಯೇ ಕೊಲ್ತಾರೆ. ಇನ್ನು ಸರೋಜಾ ಗುಡಿಸಲಲ್ಲಿ ಕೂತು ಗಂಡನ ದಾರಿ ನೋಡ್ತಾಳೆ, ಅತ್ತೆಯ ಬೈಗುಳ ಕೇಳ್ತಾಳೆ, ಹೆದರ್ತಾಳೆ. ನಮ್ಮ ಹುಡುಗಿಯ ಪ್ರಶ್ನೆಗೆ ಇಲ್ಲಿ ಉತ್ತರ ಇಲ್ಲ.

ಹಾಗಂತ ನೋವು ಬರೀಬೇಡಿ ಅಂತ ನಾನು ಹೇಳ್ತಿಲ್ಲ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ನಮ್ಮ ಏಳು ಜನರನ್ನ ಸುಟ್ಟರು. ಆರೋಪಿಗಳೆಲ್ಲ ಕೋರ್ಟಿನಿಂದ ಬಿಡುಗಡೆಯಾದರು. ಅದನ್ನ ಬರೀದೇ ಇರಕ್ಕಾಗುತ್ತಾ? ಸತ್ತವರಿಗೂ ಒಂದು ಬದುಕಿತ್ತು, ಅದನ್ನೂ ಬರೀರಿ ಅಂತಿದ್ದೀನಿ ಅಷ್ಟೇ.

ಕನ್ನಡಕ್ಕೆ ಬರ್ತೀನಿ. ಬಾನು ಮುಷ್ತಾಕ್ ಅವರಿಗೆ, ಅನುವಾದಿಸಿದ ದೀಪಾ ಭಾಸ್ತಿ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಫೋಟೋ ಹಾಕಿದೆವು. ಕತೆ ಓದಿದವರು ಎಷ್ಟು ಜನ? 'ಹಸೀನಾ ಮತ್ತು ಇತರ ಕತೆಗಳು' ತೆಗೆದುಕೊಂಡು 'ಕರಿ ನಾಗರಗಳು' ಓದಿ. ಗಂಡ ಬಿಟ್ಟ ಹೆಂಗಸು ಕಾಯಿಲೆ ಕೂಸನ್ನ ಎತ್ತಿಕೊಂಡು ನ್ಯಾಯ ಕೇಳಕ್ಕೆ ಮಸೀದಿ ಅಂಗಳದಲ್ಲೇ ಕೂತುಬಿಡ್ತಾಳೆ. ಕತೆಯಲ್ಲಿ ಕಣ್ಣೀರಿದೆ, ಆದರೆ ಕೂತ ಜಾಗ ನೋಡಿ! ಅದು ಧರಣಿ. ಬಂಡಾಯದ ದಿನಗಳಿಂದ ಬಂದ ವಕೀಲೆ ಬರೆದ ಕತೆ ಅನ್ನೋದು ಗೊತ್ತಾಗುತ್ತೆ. ಕೇರಿ ಬೇರೆ ಇರಬಹುದು, ಅಂಗಳದಲ್ಲಿ ಕೂತ ಆ ಹೆಂಗಸು ನಮ್ಮವಳೇ.

ಕೊನೆಯದು ಮರುಓದು, ಸಿದ್ಧಲಿಂಗಯ್ಯನವರ 'ಊರುಕೇರಿ'. ಅಪ್ಪನ ಹೆಗಲ ಮೇಲೆ ನೊಗ ಕಂಡ ಮಗ ಬರೆದ ಪುಸ್ತಕ ಇದು. ಅಷ್ಟಾದರೂ ಪುಟಪುಟಕ್ಕೂ ನಗು. ಮೆಟ್ರೋದಲ್ಲಿ ಜೋರಾಗಿ ನಕ್ಕು ಪಕ್ಕದ ಹೆಂಗಸು ನನ್ನನ್ನ ತಿರುಗಿ ನೋಡಿದರು. ಸ್ಮಶಾನದಲ್ಲಿ ಕೂತು ಓದಿದ್ದನ್ನೂ ಅವರು ತಮಾಷೆಯಾಗಿ ಹೇಳಬಲ್ಲರು. ಅಯ್ಯೋ ಪಾಪ ಅನ್ನಕ್ಕೆ ಬಂದ ಓದುಗನಿಗೆ ಅವರು ಅವಕಾಶವನ್ನೇ ಕೊಡಲ್ಲ. 2021ರ ಜೂನ್‌ನಲ್ಲಿ ಕೋವಿಡ್ ಅವರನ್ನ ಕರಕೊಂಡು ಹೋಯ್ತು. ಆ ನಗುವನ್ನ ನಾವು ಮುಂದುವರಿಸಿದ್ದೀವಾ? ನಮ್ಮ ಭಾಷಣಗಳಲ್ಲಂತೂ ಕಾಣ್ತಿಲ್ಲ.

ಬರೋ ಭಾನುವಾರದಿಂದ ಮಕ್ಕಳ ಜೊತೆ 'ಊರುಕೇರಿ' ಜೋರಾಗಿ ಓದಿಸ್ತೀವಿ. ಆ ಹುಡುಗಿಯೇ ಶುರು ಮಾಡ್ತಾಳೆ. ಜಯನಗರ, ಬನಶಂಕರಿ ಕಡೆಯವರು ಬನ್ನಿ, ಮನೆಯಲ್ಲಿ ಎರಡನೇ ಪ್ರತಿ ಇದ್ದರೆ ತನ್ನಿ. ನಮ್ಮೋರು ಕೆಲಸ ಮಾಡೋ, ಅಡುಗೆ ಮಾಡೋ, ಪ್ರೀತಿಸೋ, ಎದುರು ಮಾತಾಡೋ ಪುಸ್ತಕ ನಿಮಗೆ ಗೊತ್ತಿದ್ದರೆ ಹೆಸರು ಹೇಳಿ, ಪಟ್ಟಿ ಮಾಡ್ತಿದ್ದೀನಿ. ನನ್ನ ಹತ್ತಿರ ಇರೋದನ್ನ ಕೇಳಿದರೆ ಕೊಡ್ತೀನಿ. ವಾಪಸ್ ಮಾತ್ರ ಕೊಡಿ ಮಾರಾಯ್ರೇ, ತಿಂಗಳ ಕೊನೆಯಲ್ಲಿ ಗುಮಾಸ್ತೆ ಕೈಯಲ್ಲಿ ಇನ್ನೊಂದು ಪ್ರತಿ ಕೊಳ್ಳಕ್ಕಾಗಲ್ಲ.

ಜೈಭೀಮ್.