ಚಳಿಗೆ ಬಣ್ಣ ಕಟ್ಟುವ ಎಲೆ

ದೀಪಾವಳಿ ಕಳೆದು ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಗುವ ಹೊತ್ತಿಗೆ ಕೊಲ್ಹಾಪುರ ಜಿಲ್ಲೆಯ ಗಡಿಂಗ್ಲಜದ ಮಾಳಿಗೆಗಳ ಮೇಲಿನ ಎಕೆವೇರಿಯಾ ಎಂಬ ದಪ್ಪೆಲೆಯ ಗಿಡಕ್ಕೂ ಸುಗ್ಗಿ. ಮಳೆಗಾಲವಿಡೀ ಮಂಕಾಗಿದ್ದ ಎಲೆಗಳ ತುದಿಗೆ ಮೊದಲು ಸೂಜಿಮೊನೆಯಷ್ಟು ಕೆಂಪು ಹತ್ತುತ್ತದೆ. ಆಮೇಲೆ ಅಂಚಿನುದ್ದಕ್ಕೂ ಗುಲಾಬಿ ಗೆರೆ. ಸಂಕ್ರಾಂತಿಯ ಹೊತ್ತಿಗೆ ಕುಂಡದಲ್ಲಿ ಕೂತಿರುವುದು ಎಲೆಯೋ ಹೂವೋ ಎಂದು ಬಂದವರು ಬಗ್ಗಿ ನೋಡುವಂತಾಗುತ್ತದೆ.

ಈ ಬಣ್ಣ ಗೊಬ್ಬರದಿಂದ ಬರುವುದಲ್ಲ. ಗೊಬ್ಬರ ಹೆಚ್ಚಾದರೆ ಗಿಡ ಹಸಿರಾಗಿ ಉಬ್ಬುತ್ತದೆ, ಅಷ್ಟೇ. ಬಿಸಿಲು ಚುರುಕಾಗಿ, ರಾತ್ರಿ ತಣ್ಣಗಾಗಿ, ನೀರು ತುಸು ಕಡಿಮೆಯಾದಾಗ ಎಲೆ ತನ್ನನ್ನು ಕಾಪಾಡಿಕೊಳ್ಳಲು ಆಂಥೊಸಯನಿನ್ ಎಂಬ ಕೆಂಪು ವರ್ಣದ್ರವ್ಯವನ್ನು ತುಂಬಿಕೊಳ್ಳುತ್ತದೆ. ನೆರಳಿಗೆ ಸರಿಸಿದರೆ ಕೆಂಪು ಇಳಿಯುತ್ತದೆ, ದಂಟು ಬೆಳಕು ಹುಡುಕುತ್ತ ಉದ್ದವಾಗುತ್ತದೆ.

ತವರು ಮೆಕ್ಸಿಕೊ. ಅಲ್ಲಿನ ಸಸ್ಯಚಿತ್ರಕಾರ ಅತನಾಸಿಯೊ ಎಚೆವೆರಿಯಾನ ನೆನಪಿಗೆ ಈ ಕುಲಕ್ಕೆ ಹೆಸರಿಟ್ಟದ್ದು 1828ರಲ್ಲಿ. ಕಲ್ಲುಸಂದಿಯಲ್ಲಿ ಬೇರೂರಿದ ಗಿಡವನ್ನು ಕೊಲ್ಹಾಪುರದ ಎರೆಮಣ್ಣಿನಲ್ಲಿ ನೆಡುವುದೆಂದರೆ ಅದನ್ನು ಕೊಳೆಯಲು ಬಿಟ್ಟಂತೆ. ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪವೇ ಎಲೆಗೊಬ್ಬರ, ತಳದಲ್ಲಿ ದೊಡ್ಡ ತೂತು: ಇದೇ ಅದರ ಮನೆ. ಜಿಲ್ಲೆಯ ಮಳೆಯೂ ಒಂದೇ ತೆರನಾದುದಲ್ಲ. ಪಶ್ಚಿಮದ ಗಗನಬಾವಡಾದಲ್ಲಿ ಸಾವಿರಾರು ಮಿಲಿಮೀಟರ್ ಸುರಿದರೆ, ಪೂರ್ವದ ಇಚಲಕರಂಜಿ, ಶಿರೋಳ ಕಡೆ ಅದರ ಸಣ್ಣ ಪಾಲು. ಹಾಗಾಗಿ ಇಚಲಕರಂಜಿಯಲ್ಲಿ ತಗಡಿನ ಸೂರಿನಡಿ ಸುಖವಾಗಿರುವ ಕುಂಡಕ್ಕೆ ಘಟ್ಟದಂಚಿನಲ್ಲಿ ಸೂರೊಂದೇ ಸಾಲದು, ಗಾಳಿಯೂ ಆಡಬೇಕು. ಗಾಳಿಯಾಡದಿದ್ದರೆ ಎಲೆಗಳ ಬುಡದಲ್ಲಿ ಬಿಳಿ ಹಿಟ್ಟು ತಿಗಣೆ ಮನೆಮಾಡುತ್ತದೆ. ಮಳೆಗಾಲದ ನಾಲ್ಕು ತಿಂಗಳು ಕೆಳಗಿನ ಎಲೆ ಸುಕ್ಕುಗಟ್ಟುವ ತನಕ ನೀರಿನ ಮಾತೇ ಬೇಡ. ಎಲೆಯ ಮೇಲಿನ ಬೂದಿಯಂಥ ಮೇಣವನ್ನು ಒರೆಸಲೂಬಾರದು. ಬಿಸಿಲು ತಡೆಯುವ ಆ ಪುಡಿ ಒಮ್ಮೆ ಹೋದರೆ ಆ ಎಲೆಯ ಮೇಲೆ ಮತ್ತೆ ಪೂರ್ತಿ ಕೂಡುವುದಿಲ್ಲ.

ಚಳಿಯ ರಾತ್ರಿ ಈ ಗಿಡಕ್ಕೆ ಇಷ್ಟು ಒಗ್ಗುವುದೇಕೆ? ಉತ್ತರದ ಒಂದು ಸುಳಿವು ನಮ್ಮ ಹಿತ್ತಲಲ್ಲೇ ಸಿಕ್ಕಿತ್ತು. ಕನ್ನಡಿಗರ ಕಾಡುಬಸಳೆ, ಮರಾಠಿಗರ ಪಾನಫುಟಿ, ಎಕೆವೇರಿಯಾದ ಕುಟುಂಬದ್ದೇ ಗಿಡ. ಟಿಪ್ಪುವಿನ ನಂತರ ಲಾಲ್‌ಬಾಗ್‌ನ ಉಸ್ತುವಾರಿ ನೋಡಿದ ಬೆಂಜಮಿನ್ ಹೇಯ್ನ್ ಅದರ ಎಲೆಯನ್ನು ಬಾಯಿಗೆ ಹಾಕಿ ನೋಡಿದ. ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ. ಆ ಬರಹ 1815ರಲ್ಲಿ ಲಂಡನ್‌ನಲ್ಲಿ ಅಚ್ಚಾಯಿತು. ಹಗಲು ನೀರು ಆರದಂತೆ ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದು ಆಮ್ಲವಾಗಿ ಕೂಡಿಡುವುದೇ ಆ ಹುಳಿಯ ಗುಟ್ಟು. ಎಕೆವೇರಿಯಾದ್ದೂ ಇದೇ ದಾರಿ. ರಾತ್ರಿ ತಂಪಾಗಿದ್ದಷ್ಟೂ ಈ ಕೂಡಿಕೆ ಸಲೀಸು. ಸೆಕೆಯ ರಾತ್ರಿಗಳಲ್ಲಿ ಗಿಡ ಸೊರಗುತ್ತದೆ.

ಸಂತಾನಕ್ಕೆ ಬೀಜ ಬೇಕಿಲ್ಲ. ಬುಡ ಹರಿಯದಂತೆ ಮೆಲ್ಲಗೆ ತಿರುಚಿ ಒಂದು ಎಲೆ ಬಿಡಿಸಿ, ಗಾಯ ಒಣಗಲು ಮೂರ್ನಾಲ್ಕು ದಿನ ನೆರಳಲ್ಲಿಟ್ಟು, ಆಮೇಲೆ ಮರಳುಮಣ್ಣಿನ ಮೇಲೆ ಸುಮ್ಮನೆ ಮಲಗಿಸಿದರಾಯಿತು. ಕೆಲವು ವಾರಗಳಲ್ಲಿ ಗುಲಾಬಿ ಬಣ್ಣದ ಬೇರು, ಅದರ ಪಕ್ಕ ಸಾಸಿವೆಯಷ್ಟು ಮರಿ. ತಾಯಿ ಎಲೆ ತಾನಾಗಿ ಒಣಗಿ ಹಾಳೆಯಾಗುವವರೆಗೆ ಅದನ್ನು ಕೀಳುವಂತಿಲ್ಲ. ಮರಿ ಕುಡಿಯುತ್ತಿರುವುದು ಅದರ ನೀರನ್ನೇ.