ಗೋವಾನೋ, ಗೋಕರ್ಣಾನೋ?

ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ಡಿನ ಗದ್ದಲ ಮುಗಿದು ದ್ರಾಕ್ಷಿ ಬಳ್ಳಿ ಸವರೋ ಏಪ್ರಿಲ್ ಚಾಟ್ನಿಗೆ ಕತ್ತರಿ ಹಿಡಿಯೋ ಹೊತ್ತಿಗೆ ವಿಜಯಪುರದ ಮನೆಗಳಲ್ಲಿ ಸಮುದ್ರದ ಮಾತು ಶುರು. ಬಿಸಿಲು 40 ದಾಟಿರತದ, ಮಕ್ಕಳ ಕೈಯಾಗ ರೆಸಾರ್ಟಿನ ಫೋಟೋ.

ಹದಿಮೂರು, ಹದಿನೈದರ ಮಕ್ಕಳಿಗೆ ‘ಕಿಡ್ಸ್ ಕ್ಲಬ್’ ಅಂದ್ರ ಅವಮಾನ. ಬಿಲ್ಲಿನಲ್ಲಿ ಮಾತ್ರ 12 ದಾಟಿದವರನ್ನ ಬಹಳ ಕಡೆ ದೊಡ್ಡವರ ಲೆಕ್ಕಕ್ಕೇ ಹಿಡೀತಾರ. ರೂಮು ದಿನಕ್ಕೆ 7,500 ರೂಪಾಯಿ ದಾಟಿದರೆ ಜಿಎಸ್‌ಟಿ 18 ಪರ್ಸೆಂಟ್ ಬೇರೆ. ಇನ್ನು ‘ಪ್ರೈವೇಟ್ ಬೀಚ್’ ಅನ್ನೋ ಆಸೆ ಬಿಡಿ, ತೆರೆ ಬಡಿಯೋ ಮರಳು ಯಾರಪ್ಪನ ಆಸ್ತಿನೂ ಅಲ್ಲ.

ನಾನು ಮೊದಲು ಕೇಳೋದು ಈಜುಕೊಳ ಅಲ್ಲ, ಲೈಫ್‌ಗಾರ್ಡ್. ಬಬಲೇಶ್ವರದ ತೋಟದ ಬಾವಿಯಾಗ ಈಜು ಕಲಿತ ಹುಡುಗರಿಗೆ ಧೈರ್ಯ ಜಾಸ್ತಿ. ಬಾವಿ ನೀರು ನಿಂತಲ್ಲೇ ನಿಂತಿರತದ; ಸಮುದ್ರದ್ದು ಕಾಲಡಿಯ ಮರಳು ಸಮೇತ ಒಳಗೆ ಎಳೀತದ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ನಾಲ್ವರು ಹುಡುಗಿಯರು ಮನೆಗೆ ತಿರುಗಿ ಹೋಗಲಿಲ್ಲ.

ಗೋವಾ, ಗೋಕರ್ಣ ಇರಲಿ, ಹೊನ್ನಾವರದ ಕಾಸರಕೋಡು ಬೀಚಿಗೆ 2020ರಲ್ಲೇ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕದ. ಆ ಬಾವುಟಕ್ಕೆ ಶುದ್ಧ ನೀರೂ ಬೇಕು, ಕಾಪಾಡೋ ಏರ್ಪಾಡೂ ಬೇಕು. ಅಲ್ಲೇ ಹತ್ತಿರ ಸಾದಾ ರೂಮು ಹಿಡಿದು, ಚೀಲದಾಗ ಕಟಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡರೆ ನನಗಂತೂ ಅದೇ ಲಕ್ಷುರಿ. ಮೇ ಮುಗಿಯೋದರೊಳಗೆ ಹೋಗಬೇಕು, ಮಳೆಗಾಲದಾಗ ಕಡಲು ಮುಟ್ಟಗೊಡೂದಿಲ್ಲ.

ಇಷ್ಟೆಲ್ಲ ಹೇಳಿದ ಮ್ಯಾಲೆ ಮಗಳ ಪ್ರಶ್ನೆ: “ಮಮ್ಮಿ, ಅಲ್ಲಿ ನೆಟ್‌ವರ್ಕ್ ಬರತದೋ ಇಲ್ಲೋ?”